ಬಾನೆಟ್ಟಿನ ಮೇಲೆ ಮೀನುಗಣ್ಣು

ಓತಿ ಬದುಕಿತು, ಕಾರು ಸತ್ತಿತು. ಈ ಎರಡರಲ್ಲಿ ಮೊದಲು ಹೇಳಬೇಕಾದದ್ದು ಯಾವುದು ಎಂಬುದು ಕ್ಲೆಮ್ ಪಾಸ್ಕೋಗೂ ಅವನ ಹೆಂಡತಿ ಲೋರ್ನಾಗೂ ಮದುವೆಯಾದ ಹೊಸದರಿಂದ ಇತ್ಯರ್ಥವಾಗದೆ ಉಳಿದ ವ್ಯಾಜ್ಯ. ಕ್ಲೆಮ್ ಯಾರ ಮುಂದೆ ಕಥೆ ತೆಗೆದರೂ ತಾನೊಂದು ಮೂಕಪ್ರಾಣಿಯ ಜೀವ ಉಳಿಸಿದೆ ಎಂದೇ ಶುರು ಮಾಡುತ್ತಾನೆ. ಲೋರ್ನಾ ಅದೇ ಕಥೆಯನ್ನು, ಈ ಮನುಷ್ಯ ನನ್ನ ಕಾರನ್ನು ಕರೆಂಟು ಕಂಬಕ್ಕೆ ತಿನ್ನಿಸಿದ ಎಂದು ಶುರು ಮಾಡುತ್ತಾಳೆ.

ನಡೆದದ್ದು ಇಷ್ಟು. ಮೂಂಟಾದಿಂದ ವಾಲರೂಗೆ ಹೋಗುವ ರಸ್ತೆಯ ನಟ್ಟನಡುವೆ ಒಂದು ದಪ್ಪ ಓತಿ ಬಿಸಿಲು ಕಾಯಿಸುತ್ತಾ ಮಲಗಿತ್ತು. ಹೆಂಡತಿಯ ಕಾರು ತೆಗೆದುಕೊಂಡು ಬಿಯರು ತರಲು ಹೊರಟಿದ್ದ ಕ್ಲೆಮ್ ಸ್ಟೀರಿಂಗು ತಿರುಗಿಸಿದ. ದಕ್ಷಿಣ ಆಸ್ಟ್ರೇಲಿಯಾದ ಕರೆಂಟು ಕಂಬಗಳು ಮರದವಲ್ಲ. ಎರಡು ಉಕ್ಕಿನ ಪಟ್ಟಿ, ನಡುವೆ ಗಟ್ಟಿ ಕಾಂಕ್ರೀಟು. ಕಾರುಗಳ ಬಗ್ಗೆ ದಯೆ ದಾಕ್ಷಿಣ್ಯ ಇಟ್ಟುಕೊಂಡ ಜಾತಿಯಲ್ಲ. ಕಾರಿನ ಮೂತಿ ತುಳಿದ ತಗಡಿನ ಡಬ್ಬಿಯಂತಾಯಿತು. ಓತಿ ಕಣ್ಣು ಬಿಟ್ಟು, ನೀಲಿ ನಾಲಿಗೆ ಚಾಚಿ ಅಣಕಿಸಿ, ಸಾವಕಾಶವಾಗಿ ರಸ್ತೆ ದಾಟಿ ಹೋಯಿತು.

ಕಾರೇನು ಸಾಮಾನ್ಯದ್ದಲ್ಲ. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ, ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ, ಕುಂಕುಮದ ಕೆಂಪಿನ ಸ್ಪೋರ್ಟ್ಸ್ ಕಾರು. ಲೋರ್ನಾ ಮದುವೆಗೆ ಮೊದಲು ಆಸ್ಪತ್ರೆಯ ಲಾಂಡ್ರಿಯಲ್ಲಿ ರೋಗಿಗಳ ಹೊಲಸು ಹಾಸಿಗೆಬಟ್ಟೆ ಒಗೆದು ಒಗೆದು ಸಂಪಾದಿಸಿದ್ದು. ಅದೇ ಲಾಂಡ್ರಿಯ ಯೂನಿಯನ್ನಿಗೆ ಮುಖಂಡಳಾಗಿ ಮೇಲಧಿಕಾರಿಗಳನ್ನು ಮಣ್ಣುಮುಕ್ಕಿಸಿದ ಹೆಂಗಸು, ಗಂಡನ ಹತ್ತಿರ ಮಾತ್ರ ಕಾರು ರಿಪೇರಿ ಮಾಡಿಕೊಡು ಎಂಬ ಈ ಒಂದು ಬೇಡಿಕೆ ಈಡೇರಿಸಿಕೊಳ್ಳಲಾರದೆ ಹೋಗಿದ್ದಳು. ನಾಳೆ ಮಾಡೋಣ ಎನ್ನುತ್ತಾ ಕ್ಲೆಮ್ ಕಾರನ್ನು ಶೆಡ್ಡಿಗೆ ನೂಕಿ ತಾಡಪಾಲು ಹೊದಿಸಿದ. ಅದರೊಳಗೆ ತಲೆತಲಾಂತರದ ಕೋಳಿಗಳು ಮೊಟ್ಟೆಯಿಟ್ಟವು.

ಕ್ಲೆಮ್ ವಾಲರೂ ಬಂದರಿನಲ್ಲಿ ಹಡಗಿಗೆ ಗೋಧಿ ತುಂಬುವ ಕೆಲಸದಿಂದ ನಿವೃತ್ತನಾಗಿ ಬಂದ ದಿನ ಲೋರ್ನಾ ಕೇಕು ಕತ್ತರಿಸುವ ಚಾಕು ಕೈಯಲ್ಲಿ ಹಿಡಿದೇ ಕೊನೆಯ ನೋಟೀಸು ಕೊಟ್ಟಳು.

"ಮೇ ತಿಂಗಳ ಹಬ್ಬಕ್ಕೆ ನನ್ನ ಕಾರು ಬೀದಿಗಿಳೀಬೇಕು. ಹಳೇ ಕಾರುಗಳ ಮೆರವಣಿಗೇಲಿ ನಾನೇ ಓಡಿಸ್ಬೇಕು. ಮಂಡಿ ಮಡಚೋ ಅಷ್ಟು ದಿನಾನೇ ಕಣೋ ನಾನು ಅದರೊಳಗೆ ಇಳಿಯೋಕಾಗೋದು, ಆಮೇಲೆ ಕ್ರೇನು ತರಿಸ್ಬೇಕಾಗುತ್ತೆ. ಆಗಲಿಲ್ವಾ, ಮಾರನೇ ದಿನ ಅಡಿಲೇಡಿನ ಗುಜರಿಯೋನು ಬಂದು ಬಿಡಿಭಾಗಕ್ಕೆ ಅಂತ ಕೊಯ್ಕೊಂಡು ಹೋಗ್ತಾನೆ. ಹೇಳಿಬಿಟ್ಟಿದೀನಿ ಅವನಿಗೆ."

ಕ್ಲೆಮ್‌ಗೆ ಅಂದು ಛಲ ಹತ್ತಿತು. ಒಡೆದವನೇ ಕಟ್ಟಬೇಕು, ದುಡ್ಡು ಕೊಟ್ಟು ಮಾಡಿಸುವುದು ಹೇಡಿಗಳ ಕೆಲಸ ಎಂದು ಕೇಕಿನ ಮೇಲೆ ಆಣೆ ಮಾಡಿದ.

ಮಾಡಿದ ಕೂಡ, ಅದನ್ನು ಅವನ ಶತ್ರುಗಳೂ ಒಪ್ಪಬೇಕು. ಕೋಳಿಗಳನ್ನು ಒಕ್ಕಲೆಬ್ಬಿಸಿದ. ಕಾರನ್ನು ತಿರುಪು ತಿರುಪಾಗಿ ಬಿಚ್ಚಿ ಖಾಲಿ ಐಸ್‌ಕ್ರೀಮು ಡಬ್ಬಿಗಳಲ್ಲಿ ತುಂಬಿ ಒಂದೊಂದಕ್ಕೂ ಹೆಸರು ಬರೆದ. ಒಳಗೆ ಸರಿದಿದ್ದ ಮೂತಿಗೆ ಸರಪಳಿ ಬಿಗಿದು, ಇನ್ನೊಂದು ತುದಿಯನ್ನು ಹಿತ್ತಲಿನ ನೀಲಗಿರಿ ಮರಕ್ಕೆ ಕಟ್ಟಿ, ನಾಟಿ ವೈದ್ಯ ಮುರಿದ ಕೈ ಎಳೆದಂತೆ ಎಳೆದು ನೆಟ್ಟಗೆ ಮಾಡಿದ. (ಮರ ಸ್ವಲ್ಪ ವಾಲಿದೆ. ಅದರ ವ್ಯಾಜ್ಯ ಬೇರೆ ನಡೆದಿದೆ.) ತಗಡಿನ ಒಳಗಡೆ ಕಬ್ಬಿಣದ ಗಟ್ಟಿ ಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ಟೊಕ್ ಟೊಕ್ ಎಂದು ತಟ್ಟಿ ತಟ್ಟಿ ಉಬ್ಬುತಗ್ಗು ಇಳಿಸಿದ. ತುಕ್ಕು ತಿಂದಲ್ಲಿ ಕೊಯ್ದು ಹೊಸ ತಗಡು ಬೆಸೆದ. ಉಳಿದ ಗುಳಿಗಳಿಗೆ ಪುಟ್ಟಿ ಮೆತ್ತಿ, ಮರಳುಕಾಗದವನ್ನು ನೀರಲ್ಲಿ ನೆನೆಸಿ ಉಜ್ಜಿದ, ಅಂಗೈ ಸವರಿ ನೋಡಿದ, ಮತ್ತೆ ಉಜ್ಜಿದ. ಬೆರಳ ರೇಖೆಗಳೇ ಸವೆದು, ಆ ದಿನಗಳಲ್ಲಿ ಏನಾದರೂ ಕದ್ದಿದ್ದರೆ ಪೊಲೀಸರಿಗೆ ಗುರುತು ಸಿಗುತ್ತಿರಲಿಲ್ಲ. ಅತ್ತ ಲೋರ್ನಾ ಅಡುಗೆಮನೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಸೀಟುಗಳಿಗೆ ಹೊಸ ಚರ್ಮ ಹೊಲಿದಳು.

ಇದರ ನಡುವೆ ಕ್ಲೆಮ್ ಇನ್ನೊಂದು ಜೀರ್ಣೋದ್ಧಾರಕ್ಕೂ ಗುಟ್ಟಾಗಿ ಕೈ ಹಾಕಿದ್ದ. ಅವನ ತಲೆ ನಡುವಯಸ್ಸಿನಲ್ಲೇ ಬಟಾಬಯಲಾಗಿತ್ತು. ಮೆರವಣಿಗೆಯಲ್ಲಿ ಸೂರಿಲ್ಲದ ಕಾರಿನಲ್ಲಿ, ಹೆಂಡತಿಯ ಪಕ್ಕದಲ್ಲಿ ಕೂತು, ಊರೆಲ್ಲ ಫೋಟೋ ಹಿಡಿಯುವಾಗ ಕಾರಿಗಿಂತ ತಲೆ ಹೆಚ್ಚು ಮಿಂಚಿದರೆ ಹೇಗೆ? ಹಾಗಾಗಿ ಅಂಚೆಯಲ್ಲಿ ಒಂದು ಸೀಸೆ ತರಿಸಿಕೊಂಡ. ರೇಷ್ಮೆಯಂಥ ಕೂದಲು ಬರಿಸುವ ಅಮೃತವಂತೆ. ಅದನ್ನು ಶೆಡ್ಡಿನಲ್ಲಿ 'ಹಿಂದಿನ ಬ್ರೇಕು' ಎಂದು ಬರೆದ ಡಬ್ಬಿಯೊಳಗೆ ಬಚ್ಚಿಟ್ಟು, ಕೆಲಸಕ್ಕಿಳಿಯುವ ಮುಂಚೆ ನೆತ್ತಿಗೆ ಚೆನ್ನಾಗಿ ತಿಕ್ಕಿಕೊಂಡು ಮೇಲೆ ಉಣ್ಣೆಯ ಟೋಪಿ ಎಳೆದುಕೊಳ್ಳುತ್ತಿದ್ದ. ಸೀಸೆಯ ಬೆನ್ನಿನ ಮೇಲೆ ಸಣ್ಣಕ್ಷರದಲ್ಲಿ ಏನೇನೋ ಬರೆದಿತ್ತು. ಕನ್ನಡಕ ಮನೆಯೊಳಗಿತ್ತು.

ಬಣ್ಣ ಹೊಡೆಯುವ ದಿನ ಬಂತು. ಶೆಡ್ಡಿನ ಗೋಡೆಗೆ ಪ್ಲಾಸ್ಟಿಕ್ಕು ಹೊದಿಸಿ, ಧೂಳೇಳದಂತೆ ನೆಲಕ್ಕೆ ನೀರು ಚಿಮುಕಿಸಿ, ನೊಣಕ್ಕೆ ಅಂಟುಪಟ್ಟಿ ತೂಗುಹಾಕಿ, ಕಾರಿನ ಬಾಗಿಲುಗಳನ್ನು ನೆಟ್ಟಗೆ ನಿಲ್ಲಿಸಿ, ಬಾನೆಟ್ಟು ಮತ್ತು ಡಿಕ್ಕಿಯ ಮುಚ್ಚಳವನ್ನು ಮರದ ಸ್ಟ್ಯಾಂಡುಗಳ ಮೇಲೆ ಅಂಗಾತ ಮಲಗಿಸಿ, ಎಲ್ಲದಕ್ಕೂ ಜಿಡ್ಡು ತೆಗೆಯುವ ದ್ರಾವಣ ಒರೆಸಿದ. ಬಣ್ಣದ ಮೇಲೆ ಉಣ್ಣೆಯ ಎಳೆ ಬೀಳಬಾರದೆಂದು ಟೋಪಿ ತೆಗೆದಿಟ್ಟ. ಬಿಳಿ ಕವಚದಂಥ ಪೋಷಾಕು ತೊಟ್ಟ. ಅದರ ಮುಸುಕು ತಲೆಗೆ ಬಿಗಿಯಾಯಿತೆಂದು ಹಿಂದಕ್ಕೆ ಸರಿಸಿದ. ಶೆಡ್ಡಿನ ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಬಣ್ಣ ಎರಚುವ ಬಂದೂಕು ಎತ್ತಿ, ಬಾನೆಟ್ಟಿನ ಮೇಲೆ ಬಾಗಿ, ಕೆಂಪು ಬಣ್ಣವನ್ನು ಉಸಿರಿನಷ್ಟು ಹಗುರವಾಗಿ ಎರಚಿದ. ಕನ್ನಡಿಯಂತೆ ಬಂತು. ನೋಡುತ್ತಾ ನಿಂತವನ ಕಣ್ಣೆದುರೇ ಆ ಕನ್ನಡಿಯಲ್ಲಿ ಒಂದು ತೂತು ಬಿತ್ತು. ಅದರ ಪಕ್ಕ ಇನ್ನೊಂದು. ಆಮೇಲೆ ಸಿಡುಬಿನ ಹಾಗೆ ಬಾನೆಟ್ಟಿನ ತುಂಬ.

ಪಕ್ಕದೂರು ಕಡೀನಾದ ಬಣ್ಣದ ಅಂಗಡಿಯ ಗಾರ್ತ್ ಬಂದು ನೋಡಿ, ಇದಕ್ಕೆ ಮೀನುಗಣ್ಣು ಅಂತಾರೆ ಎಂದ. ತಗಡಿನ ಮೇಲೆ ಎಲ್ಲೋ ಸಿಲಿಕೋನಿನ ಜಿಡ್ಡು ಕೂತಿದೆ, ಅದು ಇದ್ದಲ್ಲಿ ಬಣ್ಣ ನಿಲ್ಲುವುದಿಲ್ಲ, ಓಡಿಹೋಗುತ್ತದೆ. ಒಂದು ಹನಿ ಸಾಕು. ಮನೆಯಲ್ಲಿ ಯಾರಾದರೂ ಮೇಜಿಗೆ ಹೊಡೆಯುವ ಪಾಲಿಶ್ ಸ್ಪ್ರೇ ಗೀಸ್ಪ್ರೇ ಬಳಸುತ್ತಾರಾ ಎಂದು ಕೇಳಿದ.

ಬಳಸದೆ ಏನು? ಕ್ಲೆಮ್ ನೆಟ್ಟಗೆ ಮನೆಯೊಳಗೆ ನುಗ್ಗಿ ನಿಷೇಧಾಜ್ಞೆ ಜಾರಿ ಮಾಡಿದ. ಪೀಠೋಪಕರಣದ ಪಾಲಿಶ್, ಕೂದಲಿಗೆ ಹೊಡೆಯುವ ಸ್ಪ್ರೇ, ಕೈಗೆ ಹಚ್ಚುವ ಕ್ರೀಮು, ಶೂ ಹೊಳಪು, ಕೊನೆಗೆ ಹೊಲಿಗೆಯಂತ್ರದ ಎಣ್ಣೆ ಸಹ ಬಂಧನಕ್ಕೊಳಗಾಗಿ ಕಸದ ಡ್ರಮ್ಮು ಸೇರಿದವು. ಲೋರ್ನಾ ಶೆಡ್ಡಿನ ಸುತ್ತ ಇಪ್ಪತ್ತು ಹೆಜ್ಜೆಯೊಳಗೆ ಸುಳಿಯಬಾರದು. ಸುಳಿದರೆ ಸ್ನಾನ ಮಾಡಿ ಸುಳಿಯಬೇಕು. ಅವಳು ಎಲ್ಲ ಕೇಳಿಸಿಕೊಂಡು, ಒಗೆಯಲು ತಂದ ಬಟ್ಟೆಯ ಗುಡ್ಡೆಯಿಂದ ಅವನ ದಿಂಬಿನ ಚೀಲ ಎತ್ತಿ ಹಿಡಿದಳು.

"ಇದೇನಿದು ಕ್ಲೆಮ್? ಕೆಸುವಿನೆಲೆ ಆಗಿಬಿಟ್ಟಿದೆ. ನೀರು ಹಾಕಿದ್ರೆ ಗೋಲಿ ಥರ ಉರುಳಿಹೋಗುತ್ತೆ."

"ಗ್ರೀಸು ಕಣೇ. ದುಡಿಯೋನ ತಲೆ. ನಿನ್ನ ಥರ ಕ್ರೀಮು ಬಳ್ಕೊಂಡು ಕೂತಿರ್ತೀನಾ?"

ಲೋರ್ನಾ ಆ ಚೀಲವನ್ನು ಮಡಚಿ ಬೇರೆಯಾಗಿ ಇಟ್ಟಳು.

ಕ್ಲೆಮ್ ಬಾನೆಟ್ಟನ್ನು ಮತ್ತೆ ಬೋಳು ತಗಡಾಗುವವರೆಗೆ ಉಜ್ಜಿ, ತೊಳೆದು, ಒರೆಸಿ, ಎರಡನೇ ಸಲ ಬಾಗಿಲು, ಡಿಕ್ಕಿಗಳಿಗೂ ಸೇರಿಸಿ ಬಣ್ಣ ಹೊಡೆದ. ಎರಡನೇ ಸಲವೂ ಮೀನುಗಳೆಲ್ಲ ಕಣ್ಣು ಬಿಟ್ಟು ಅವನನ್ನು ನೋಡಿದವು. ಅವನ ಕಿರುಚಾಟಕ್ಕೆ ಬಂದ ಲೋರ್ನಾ ನಿಷೇಧಿತ ಗಡಿಯಾಚೆಯಲ್ಲೇ ನಿಂತು ಕತ್ತು ಚಾಚಿದಳು. ನಿಲ್ಲಿಸಿದ್ದ ಬಾಗಿಲುಗಳ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಮಲಗಿಸಿದ್ದ ಬಾನೆಟ್ಟು, ಡಿಕ್ಕಿ ಎರಡಕ್ಕೆ ಮಾತ್ರ ಸಿಡುಬು.

"ಬಾಗಿಲು ಚೆನ್ನಾಗಿದೆಯಲ್ಲೋ. ನನ್ನ ಪಾಲಿಶ್‌ಗೆ ಬಾನೆಟ್ ಮೇಲೆ ಮಾತ್ರ ಯಾಕೆ ಹಗೆ? ನೀನು ಬಗ್ಗಿ ಬಗ್ಗಿ ಹೊಡೆಯೋದು ಯಾವುದಕ್ಕೆ, ಅದನ್ನ ಯೋಚನೆ ಮಾಡು."

ಹೆಂಗಸರಿಗೆ ಬಣ್ಣದ ವಿಜ್ಞಾನ ತಿಳಿಯುವುದಿಲ್ಲ ಎಂದು ಕ್ಲೆಮ್ ಉತ್ತರಿಸಿದ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಸಂಜೆ ಬಾರಿಗೆ ಹೋಗಿ, ಗಾರ್ತನನ್ನೂ ಸೇರಿಸಿ ಇಡೀ ಊರು ಕೇಳುವಂತೆ, ಹೆಂಡತಿಯ ಪಾಲಿಶ್ ಹುಚ್ಚಿನಿಂದ ತನ್ನ ಶ್ರಮವೆಲ್ಲ ಮಣ್ಣುಪಾಲಾಯಿತು, ಕಾರು ಅಡಿಲೇಡಿನವನ ಗರಗಸಕ್ಕೆ ಹೋದರೆ ಅದರ ಪಾಪ ಅವಳ ಡಬ್ಬಿಗೇ ಎಂದು ಭಾಷಣ ಬಿಗಿದ. ಮೂಂಟಾದಂಥ ಊರಲ್ಲಿ ಬಾರಿನ ಮಾತು ಮನೆ ತಲುಪಲು ಮಾತಾಡಿದವನಿಗಿಂತ ಕಡಿಮೆ ಹೊತ್ತು ಸಾಕು.

ಮರುದಿನ ಅಡುಗೆಮನೆ ಬಂದ್. ಲಾಂಡ್ರಿ ಮುಷ್ಕರದ ದಿನಗಳಲ್ಲಿ ಹಾಕುತ್ತಿದ್ದ ಕಪ್ಪು ಕೋಟು ತೊಟ್ಟು ಲೋರ್ನಾ ಪೆಟ್ಟಿಗೆ ಕಟ್ಟಿದಳು. ಪೋರ್ಟ್ ಪಿರಿಯಲ್ಲಿರುವ ತಂಗಿ ಥೆಲ್ಮಾಳ ಮನೆಗೆ ಹೊರಟಳು. ಹೊರಡುವ ಮುಂಚೆ ಗೋಡೆಯಿಂದ ನೆಲದವರೆಗೆ ಇಡೀ ಮನೆಯನ್ನು ಬರೀ ಸೋಡಾ, ಬಿಸಿನೀರಿನಲ್ಲಿ ತೊಳೆದಿದ್ದಳು.

"ನಾನೂ ಇಲ್ಲ, ನನ್ನ ಡಬ್ಬಿಗಳೂ ಇಲ್ಲ. ಈಗ ನಿನ್ನ ವಿಜ್ಞಾನ ತೋರಿಸು. ತಿನ್ನೋಕೆ ಫ್ರಿಜ್ಜಲ್ಲಿ ಒಂದು ಪಾಸ್ಟಿ ಇದೆ. ತಿನ್ನೋಕೆ ಮುಂಚೆ ಅದನ್ನ ಕಣ್ಣು ಬಿಟ್ಟು ನೋಡು."

ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ಗಣಿಗಾರರ ಮೊಮ್ಮಕ್ಕಳ ಊರು ಅದು. ಮಾಂಸ, ಆಲೂಗಡ್ಡೆ ತುಂಬಿ ಮಡಚಿದ ಪಾಸ್ಟಿಯ ಮೂಲೆಯಲ್ಲಿ ತಿನ್ನುವವರ ಹೆಸರಿನ ಮೊದಲಕ್ಷರವನ್ನು ಹಿಟ್ಟಿನಲ್ಲೇ ಅಂಟಿಸಿ ಬೇಯಿಸುವುದು ಅಲ್ಲಿನ ಪದ್ಧತಿ. ಒಬ್ಬರ ಪಾಲನ್ನು ಇನ್ನೊಬ್ಬರು ಕಚ್ಚಬಾರದಲ್ಲ. ಮದುವೆಯಾದಾಗಿನಿಂದ ಕ್ಲೆಮ್‌ನ ಪಾಸ್ಟಿಯ ಮೇಲೆ ಅವನ ಅಕ್ಷರ ತಪ್ಪಿರಲಿಲ್ಲ. ಈ ಸಲ ಅಕ್ಷರದ ಜಾಗದಲ್ಲಿ ಹಿಟ್ಟಿನ ಒಂದು ದುಂಡನೆಯ ಬಿಲ್ಲೆ, ಅದರ ನೆತ್ತಿಯಿಂದ ಹೊರಟ ಮೂರು ಗೆರೆ. ಕ್ಲೆಮ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಉದಯಿಸುತ್ತಿರುವ ಸೂರ್ಯ. ಅಂದರೆ ಬಿಸಿ ಮಾಡಿಕೊಂಡು ತಿನ್ನು ಎಂದು ಸೂಚನೆ. ಎಷ್ಟಾದರೂ ಪ್ರೀತಿ ಇದೆ ಎಂದುಕೊಂಡು ಬಿಸಿ ಮಾಡಿ ತಿಂದ.

ಮನೆ ಶುದ್ಧ, ಹೆಂಡತಿ ದೂರ, ಹೊಟ್ಟೆ ಭರ್ತಿ. ಮೂರನೇ ಸಲ ಸೋಲುವ ಮಾತೇ ಇರಲಿಲ್ಲ. ಗೆದ್ದ ಮೇಲೆ ಫೋಟೋ ಇರುತ್ತದೆಂಬ ಹುರುಪಿನಲ್ಲಿ ಕ್ಲೆಮ್ ಅಂದು ನೆತ್ತಿಗೆ ಅಮೃತವನ್ನು ಎರಡರಷ್ಟು ಸುರಿದು ತಿಕ್ಕಿಕೊಂಡ. ಶೆಡ್ಡು ಮುಚ್ಚಿದ. ಒಳಗೆ ಒಲೆಯಂತೆ ಕಾಯುತ್ತಿತ್ತು. ಬಾನೆಟ್ಟಿನ ಮೇಲೆ ಬಾಗಿ ಕೊನೆಯ ಪದರ ಹೊಡೆದು, ಬಂದೂಕು ಕೆಳಗಿಟ್ಟು, ತನ್ನ ಕೆಲಸವನ್ನು ತಾನೇ ಮೆಚ್ಚಲು ಇನ್ನಷ್ಟು ಬಗ್ಗಿದ. ಒದ್ದೆ ಕೆಂಪಿನಲ್ಲಿ ಅವನ ಬೋಳುತಲೆಯ ಪ್ರತಿಬಿಂಬ ಕೆಂಡದಂತೆ ಕಂಡಿತು.

ಹಾಗೆ ನೋಡುತ್ತಿರುವಾಗಲೇ ಆ ತಲೆಯಿಂದ ಒಂದು ಬೆವರಿನ ಹನಿ ಜಾರಿ, ಹಣೆ ದಾಟಿ, ಮೂಗಿನ ತುದಿಯಲ್ಲಿ ಒಂದು ಗಳಿಗೆ ಯೋಚಿಸಿ, ಟಪ್ಪೆಂದು ಬಾನೆಟ್ಟಿನ ಮೇಲೆ ಬಿತ್ತು.

ಲಾಠಿ ಹಿಡಿದ ಪೊಲೀಸರ ವ್ಯಾನು ಸಭೆಯ ನಡುವೆ ಬಂದು ನಿಂತರೆ ಜನ ಹೇಗೆ ಓಡುತ್ತಾರೋ, ಬಣ್ಣ ಆ ಹನಿಯಿಂದ ನಾಲ್ಕೂ ದಿಕ್ಕಿಗೆ ಹಾಗೆ ಓಡಿತು. ನಡುವೆ ಬರೀ ತಗಡು. ಎರಡನೇ ಹನಿ ಬಿತ್ತು. ಅಲ್ಲೂ ಚೆಲ್ಲಾಪಿಲ್ಲಿ. ಕ್ಲೆಮ್ ನಿಧಾನವಾಗಿ ನೆಟ್ಟಗಾದ. 'ಹಿಂದಿನ ಬ್ರೇಕು' ಡಬ್ಬಿಯಿಂದ ಸೀಸೆ ತೆಗೆದ. ಮನೆಗೆ ಹೋಗಿ ಕನ್ನಡಕ ತಂದ. ಬೆನ್ನಿನ ಮೇಲಿನ ಸಣ್ಣಕ್ಷರ ಓದಿದ. ರೇಷ್ಮೆಯ ಹೊಳಪಿಗಾಗಿ ಸಿಲಿಕೋನ್ ಸೇರಿಸಲಾಗಿದೆ ಎಂದು ಅದನ್ನು ತಯಾರಿಸಿದ ಮಹನೀಯರು ಹೆಮ್ಮೆಯಿಂದಲೇ ಬರೆದಿದ್ದರು.

ಬೇರೆ ಯಾರಾದರೂ ಆಗಿದ್ದರೆ ಪೋರ್ಟ್ ಪಿರಿಗೆ ಫೋನು ಮಾಡುತ್ತಿದ್ದರು. ಕ್ಲೆಮ್ ಪಾಸ್ಕೋ ಹಠವಾದಿ. ಸೀಸೆಯನ್ನು ಹಿತ್ತಲಲ್ಲಿ ಮೊಳದಾಳದ ಗುಂಡಿ ತೋಡಿ ಹೂತ. ತಗಡಿನ ಜಿಡ್ಡು ತೆಗೆಯುವ ದ್ರಾವಣದಿಂದ ತನ್ನ ನೆತ್ತಿಯನ್ನೇ ಉಜ್ಜಿದ. ಚರ್ಮ ಉರಿದು ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಮತ್ತೆ ಬಾನೆಟ್ಟು ಉಜ್ಜಿದ, ಡಿಕ್ಕಿ ಉಜ್ಜಿದ, ತೋಳು ಸತ್ತುಹೋಗುವಷ್ಟು ಉಜ್ಜಿದ. ನಾಲ್ಕನೇ ಸಲ ಬಂದೂಕು ಎತ್ತುವ ಮುಂಚೆ ಸ್ನಾನದ ಮನೆಯಿಂದ ಲೋರ್ನಾಳ ಪ್ಲಾಸ್ಟಿಕ್ ಟೋಪಿ, ಅಂಚಿಗೆ ನೆರಿಗೆಯಿರುವುದು, ತಂದು ಕಿವಿಯವರೆಗೆ ಎಳೆದುಕೊಂಡ. ಬಣ್ಣ ಕೂತಿತು. ಒಂದು ಗಂಟೆ ಕಾದ. ಒಂದೇ ಒಂದು ಮೀನೂ ಕಣ್ಣು ಬಿಡಲಿಲ್ಲ. ಟೋಪಿಯ ಮೇಲೆ ಮಾತ್ರ ಕೆಂಪು ತುಂತುರು ಹಾರಿ ಕೂತಿತ್ತು. ಅದನ್ನು ಖಾಲಿಯಾದ ಬ್ರೇಕಿನ ಡಬ್ಬಿಗೆ ತುರುಕಿದ.

ಲೋರ್ನಾ ವಾಪಸಾಗಿ ಶೆಡ್ಡಿಗೆ ಬಂದು ನೋಡಿದಳು. ಬಾನೆಟ್ಟಿನಲ್ಲಿ ತನ್ನ ಮುಖ ನೋಡಿಕೊಂಡಳು. ಲಾಂಡ್ರಿಯ ಮೊದಲ ಸಂಬಳಗಳು ಅಲ್ಲಿ ಹೊಳೆಯುತ್ತಿದ್ದವು. ಹೇಗೆ ಬಂತು ಎಂದು ಕೇಳಿದಳು. ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕುತ್ತಿರಲಿಲ್ಲ.

"ನೋಡಿದ್ಯಾ?" ಎಂದ ಕ್ಲೆಮ್. "ನೀನಿರಲಿಲ್ಲ, ಸರಿಯಾಯ್ತು."

"ಹೌದಾ," ಎಂದಳು ಲೋರ್ನಾ.

ಬಿಡಿಭಾಗದ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಕೊಡುತ್ತಾ ಹೋದಳು, ಅವನು ಜೋಡಿಸುತ್ತಾ ಹೋದ. ದೀಪ ಕೂತವು, ಬಂಪರು ಕೂತಿತು, ಗಾಜು ಕೂತಿತು. ಅವಳು ಹೊಲಿದ ಸೀಟು ಕೈಗವಸಿನಂತೆ ಕೂತಿತು. ಕೊನೆಗೆ ಒಂದು ಮುಷ್ಟಿಯಷ್ಟು ಬೋಲ್ಟುಗಳು ಯಾವ ತೂತಿಗೂ ಸೇರದೆ ಉಳಿದವು. ಇಂಗ್ಲೆಂಡಿನವರು ಕೈ ಧಾರಾಳವಾಗಿ ಹೆಚ್ಚು ಹಾಕಿರುತ್ತಾರೆ ಎಂದು ಕ್ಲೆಮ್ ಸಮಜಾಯಿಷಿ ಕೊಟ್ಟ. ಹಬ್ಬದ ಹಿಂದಿನ ಸಂಜೆ ಎಂಜಿನ್ನು ಕೆಮ್ಮಿ, ಉಗುಳಿ, ಗುರ್ ಎಂದಿತು. ಅಡಿಲೇಡಿನವನಿಗೆ ಬರಬೇಡವೆಂದು ಲೋರ್ನಾ ಫೋನು ಮಾಡಿದಳು. ಕ್ಲೆಮ್ ತನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕಿಕೊಂಡ.

ಬೆಳಗ್ಗೆ ಅಂಗಿ ತೊಟ್ಟು ಹೊರಬಂದರೆ ಅವನ ಸೀಟಿನಲ್ಲಿ ಥೆಲ್ಮಾ ಕೂತಿದ್ದಳು. ಗುಂಗುರು ಮಾಡಿಸಿಕೊಂಡ ಕೂದಲು ಗಾಳಿಗೆ ಕೆಡಬಾರದೆಂದು ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿದ್ದಳು. ಅಂಚಿಗೆ ನೆರಿಗೆ, ಮೈತುಂಬ ಕೆಂಪು ತುಂತುರು. ಕ್ಲೆಮ್ ಬ್ರೇಕಿನ ಡಬ್ಬಿಗೆ ತುರುಕಿದ್ದೇ ಅದು. ಅದು ನನ್ನ ಜಾಗ ಎಂದಷ್ಟೇ ಹೇಳಿದ.

"ನಾನಿರಲಿಲ್ಲ, ಬಣ್ಣ ಚೆನ್ನಾಗಿ ಬಂತು," ಎಂದಳು ಲೋರ್ನಾ, ಮಂಡಿ ಮಡಚಿ ಸ್ಟೀರಿಂಗಿನ ಹಿಂದೆ ಇಳಿಯುತ್ತಾ. "ನಿನ್ನದೇ ವಿಜ್ಞಾನ ತಾನೆ? ನೀನಿರಲ್ಲ, ಸವಾರಿ ಚೆನ್ನಾಗಿ ಬರುತ್ತೆ. ದಾರೀಲಿ ಓತಿ ಗೀತಿ ಸಿಕ್ಕಿದ್ರೆ ನಾನೇ ನೋಡ್ಕೋತೀನಿ. ನಿನಗೂ ಕೆಲಸ ಇದೆ, ಬೇಜಾರು ಮಾಡ್ಕೋಬೇಡ. ಹಲಗೆ ಹಿಡ್ಕೊಂಡು ಮುಂದೆ ನಡಿ."

ಮೆರವಣಿಗೆಯಲ್ಲಿ ಪ್ರತಿ ಕಾರಿನ ಮುಂದೆ ಒಬ್ಬರು ಹಲಗೆ ಹಿಡಿದು ನಡೆಯುವ ನಿಯಮವಿತ್ತು. ಯಾರ ಕಾರು, ಯಾರು ಕಟ್ಟಿದರು ಎಂದು ಜನಕ್ಕೆ ತಿಳಿಯಬೇಕು. ಥೆಲ್ಮಾ ತನ್ನ ಮನೆಯಲ್ಲೇ ಲೋರ್ನಾ ಕೂತು ಬರೆದದ್ದೆಂದು ಪ್ಲೈವುಡ್ಡಿನ ಹಲಗೆಯೊಂದನ್ನು ಕೋಲಿನ ಸಮೇತ ಅವನ ಕೈಗೆ ಕೊಟ್ಟಳು. ಅಕ್ಷರದ ಮುಖ ಮುಂದಕ್ಕಿತ್ತು. ಸೀಟು ಹೋದರೂ ಹೆಸರು ಉಳಿಯಿತಲ್ಲ ಎಂದು ಕ್ಲೆಮ್ ಹಲ್ಲು ಕಚ್ಚಿ, ಎದೆ ಸೆಟೆದು, ಜಾಥಾದ ಮುಂಚೂಣಿಯವನಂತೆ ಹಲಗೆ ಎತ್ತಿದ.

ಬೀದಿಯ ಎರಡೂ ಕಡೆ ಜನ ಚಪ್ಪಾಳೆ ತಟ್ಟಿದರು. ಆಮೇಲೆ ನಕ್ಕರು. ಮುಂದೆ ಮುಂದೆ ಹೋದಂತೆ ನಗು ಹೆಚ್ಚಾಯಿತು. ಖುಷಿಗೆ ನಗುತ್ತಾರೆ ಎಂದುಕೊಂಡು ಕ್ಲೆಮ್ ಹಲಗೆಯನ್ನು ಇನ್ನೂ ಎತ್ತರಕ್ಕೆ ಹಿಡಿದ. ಬಾರಿನ ಎದುರು ಗಾರ್ತ್ ಒಂದು ಕೈಯಲ್ಲಿ ಬಿಯರು, ಇನ್ನೊಂದರಲ್ಲಿ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿಬಿಟ್ಟಿದ್ದ. ಕಣ್ಣೀರು ಒರೆಸಿಕೊಳ್ಳುತ್ತಾ, ಹಲಗೆ ತಿರುಗಿಸಿ ಓದ್ಕೊಳೋ ಮಾರಾಯ ಎಂದು ಸನ್ನೆ ಮಾಡಿದ. ಕ್ಲೆಮ್ ತಿರುಗಿಸಿ ಓದಿದ.

ಕಾರು: ಲೋರ್ನಾ ಪಾಸ್ಕೋ ಅವರದು.
ಕೆಡಿಸಿದ್ದು, ಕಟ್ಟಿದ್ದು: ಕ್ಲೆಮ್ ಪಾಸ್ಕೋ.
ಪಾಲಿಶ್ ಡಬ್ಬಿ: ನಿರಪರಾಧಿ.
ತಲೆ: ಕಾಮಗಾರಿ ಪ್ರಗತಿಯಲ್ಲಿದೆ.

ಕೆಳಗೆ ಒಂದು ದುಂಡನೆಯ ಚಿತ್ರ, ಅದರ ನೆತ್ತಿಯಿಂದ ಹೊರಟ ಮೂರು ಗೆರೆ. ಆ ಸೂರ್ಯನನ್ನು ಅವನು ಎಲ್ಲೋ ನೋಡಿದ್ದ. ಬಿಸಿ ಮಾಡಿ ತಿಂದೂ ಇದ್ದ.

ಅವನು ಹಿಂದಿರುಗಿ ನೋಡಿದ. ಲೋರ್ನಾ ಎಂಜಿನ್ನಿನ ಸದ್ದಿನ ಮೇಲೆ, ಊರಿಗೆಲ್ಲ ಕೇಳುವಷ್ಟೇ ಗಟ್ಟಿಯಾಗಿ ಹೇಳಿದಳು.

"ದಿಂಬು ನೋಡಿದಾಗಲೇ ಗೊತ್ತಾಯ್ತು ಕಣೋ. ಬಾಯಲ್ಲಿ ಹೇಳಿದ್ರೆ ನೀನು ಕೇಳೋನಲ್ಲ ಅಂತ ಪಾಸ್ಟಿ ಮೇಲೆ ಮೂರು ಕೂದಲ ಸಮೇತ ನಿನ್ನ ತಲೇನೇ ಬರೆದೆ. ತಿಂದು ಹಾಕಿದೆ. ಅದಕ್ಕೇ ಈ ಸಲ ಪ್ಲೈವುಡ್ ಮೇಲೆ ಬರೆದಿದೀನಿ."

ಇನ್ನೂ ಅರ್ಧ ಬೀದಿ ಬಾಕಿಯಿತ್ತು. ಹಲಗೆ ಬಿಸಾಡಿ ಬಾರಿನೊಳಗೆ ನುಸುಳಬಹುದಿತ್ತು. ಗಾರ್ತ್ ಬಾಗಿಲು ತೆರೆದು ಹಿಡಿದೂ ಇದ್ದ. ಆದರೆ ಹಿಂದೆ ಕೆಂಪು ಕಾರು ಗುರುಗುಟ್ಟುತ್ತಿತ್ತು, ಅವನು ತಟ್ಟಿ, ಉಜ್ಜಿ, ನಾಲ್ಕು ಸಲ ಬಣ್ಣ ಹೊಡೆದ ಕಾರು. ಕ್ಲೆಮ್ ಹಲಗೆಯನ್ನು ಮತ್ತೆ ಜನರ ಕಡೆ ತಿರುಗಿಸಿದ, ಕೋಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಮೇಲೆತ್ತಿದ, ನಡೆದ. ಬಿಸಿಲು ಬಾನೆಟ್ಟಿನ ಮೇಲೂ ಅವನ ನೆತ್ತಿಯ ಮೇಲೂ ಒಂದೇ ಸಮನೆ ಹೊಳೆಯುತ್ತಿತ್ತು. ಎರಡರಲ್ಲೂ ಹುಡುಕಿದರೂ ಒಂದು ಮೀನುಗಣ್ಣಿರಲಿಲ್ಲ.